ಜೆಪ್ಪುವಿನ ಬಾಗಿಲು, ಅಮೀನನ ವರದಿ: ಗೈರುಹಾಜರಿಯ ಹಿಂದಿನ ಮನಸ್ಸನ್ನು ನ್ಯಾಯಾಲಯಗಳು ಅಳೆದ ಬಗೆ

ದಾವೆಯಲ್ಲಿ ಎದುರು ಪಕ್ಷವಾಗಿ ಹೆಸರಿಸಲ್ಪಟ್ಟ ವ್ಯಕ್ತಿ, ಅಂದರೆ ಪ್ರತಿವಾದಿ, ಗೊತ್ತಾದ ವಾಯಿದೆಯ ದಿನ ನ್ಯಾಯಾಲಯಕ್ಕೆ ಬಾರದೆ ಹೋದರೆ ವಾದಿಯ ಸಾಕ್ಷ್ಯವನ್ನಷ್ಟೇ ಕೇಳಿ ಕೊಡುವ ತೀರ್ಪನ್ನು ಏಕಪಕ್ಷೀಯ ಡಿಕ್ರಿ ಎನ್ನುತ್ತಾರೆ. ಕೋರ್ಟಿನ ಆವರಣದ ಆಡುಮಾತಿನಲ್ಲಿ ಅದು ‘ಎಕ್ಸ್‌ಪಾರ್ಟಿ’. ಇಂಥ ಡಿಕ್ರಿ ಆದ ಮೇಲೆ ಪ್ರತಿವಾದಿ ಬಂದು ಅದನ್ನು ರದ್ದುಪಡಿಸಬೇಕೆಂದು ಕೇಳಿದಾಗ, ಆತ ಬರಲಾಗದೆ ಉಳಿದನೋ ಬರಬಾರದೆಂದೇ ಉಳಿದನೋ ಎಂಬ ಪ್ರಶ್ನೆ ಏಳುತ್ತದೆ. ಮನುಷ್ಯನ ಮನಸ್ಸನ್ನು ನೇರವಾಗಿ ನೋಡುವ ಸಾಧನ ಯಾವ ನ್ಯಾಯಾಧೀಶರ ಬಳಿಯೂ ಇಲ್ಲದಿರುವುದರಿಂದ, ಸಮನ್ಸು ಯಾರ ಕೈಗೆ ಸಿಕ್ಕಿತು, ಮನೆಯ ಬಾಗಿಲು ಮುಚ್ಚಿತ್ತೇ, ಸುದ್ದಿ ತಿಳಿದ ಮೇಲೆ ಎಷ್ಟು ದಿನ ಸುಮ್ಮನಿದ್ದ ಎಂಬ ಹೊರಗಿನ ಗುರುತುಗಳಿಂದಲೇ ಒಳಗಿನ ಉದ್ದೇಶವನ್ನು ಊಹಿಸಬೇಕಾಗುತ್ತದೆ. ಮಂಗಳೂರಿನ ದಕ್ಷಿಣ ಅಂಚಿನಲ್ಲಿ ನೇತ್ರಾವತಿಯ ಕಡೆಗೆ ಚಾಚಿಕೊಂಡಿರುವ ಜೆಪ್ಪುವಿನಂಥ ಪ್ರದೇಶದಲ್ಲಿ ಈ ಗುರುತುಗಳನ್ನು ಓದುವುದು ಎಷ್ಟು ಕಷ್ಟವಾಗಿತ್ತು ಎಂಬುದನ್ನು ಗಮನಿಸಿದರೆ, ಭಾರತದ ಸಿವಿಲ್ ಪ್ರಕ್ರಿಯೆಯ ಒಂದು ಮುಖ್ಯ ಎಳೆಯ ಇತಿಹಾಸವೇ ಕಣ್ಣೆದುರಿಗೆ ಬರುತ್ತದೆ.

ಈ ಪ್ರಶ್ನೆ ಬ್ರಿಟಿಷರೊಂದಿಗೆ ಬಂದದ್ದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವಾದ ಮಿತಾಕ್ಷರಾ, ನಾರದ ಸ್ಮೃತಿಯ ಆಧಾರದ ಮೇಲೆ ‘ಹೀನ’, ಎಂದರೆ ವ್ಯವಹಾರದಲ್ಲಿ ತನ್ನ ನಡತೆಯಿಂದಲೇ ದುರ್ಬಲನಾದ ಕಕ್ಷಿಗಾರರ ಐದು ಬಗೆಗಳನ್ನು ಹೇಳುತ್ತದೆ: ಹೇಳಿದ ಮಾತನ್ನು ಬದಲಿಸುವವನು, ಪ್ರಮಾಣ ಒದಗಿಸುವುದನ್ನು ದ್ವೇಷಿಸುವವನು, ಹಾಜರಾಗದವನು, ಉತ್ತರ ಕೊಡದವನು, ಕರೆದ ಮೇಲೂ ಓಡಿಹೋಗುವವನು. ಇಲ್ಲಿ ಹಾಜರಾಗದವನನ್ನೂ ಕರೆ ಬಂದ ಮೇಲೆ ತಲೆತಪ್ಪಿಸಿಕೊಂಡವನನ್ನೂ ಒಂದೇ ಹೆಸರಿನಲ್ಲಿ ಸೇರಿಸದೆ ಬೇರೆ ಬೇರೆಯಾಗಿ ಎಣಿಸಿರುವುದು ಬಹಳ ಮಹತ್ವದ ಸಂಗತಿ, ಏಕೆಂದರೆ ಬರಿಯ ಅನುಪಸ್ಥಿತಿಗೂ ಉದ್ದೇಶಪೂರ್ವಕ ಪಲಾಯನಕ್ಕೂ ನಡುವಿನ ಗೆರೆಯನ್ನು ಈ ಎಣಿಕೆ ಆಗಲೇ ಎಳೆದಿತ್ತು. ರೋಗಿ, ಬಾಲಕ, ವೃದ್ಧ, ಸಂಕಟದಲ್ಲಿ ಸಿಕ್ಕಿಕೊಂಡವನು ಮುಂತಾದವರನ್ನು ಬಲವಂತವಾಗಿ ಕರೆಸಬಾರದೆಂಬ ನಿಯಮವೂ ಅದೇ ಗ್ರಂಥಪರಂಪರೆಯಲ್ಲಿದೆ. ಅಂದರೆ ಗೈರುಹಾಜರಿಯ ಕಾರಣವನ್ನು ಕೇಳದೆ ಅದರ ಫಲವನ್ನು ನಿರ್ಧರಿಸಬಾರದೆಂಬ ತಿಳಿವಳಿಕೆ ಕನ್ನಡ ನೆಲದಲ್ಲಿ ಒಂಬೈನೂರು ವರ್ಷಗಳಷ್ಟು ಹಳೆಯದು.

ಕರಾವಳಿಯ ಜನರ ಮಟ್ಟಿಗೆ ಬಲವಂತದ ಗೈರುಹಾಜರಿ ಗ್ರಂಥದ ಮಾತಾಗಿ ಮಾತ್ರ ಉಳಿದಿರಲಿಲ್ಲ. 1784ರಲ್ಲಿ ಕೆನರಾದ ಕ್ರೈಸ್ತರನ್ನು ಟಿಪ್ಪು ಸುಲ್ತಾನನ ಆಜ್ಞೆಯಂತೆ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಅವರು ಬಿಟ್ಟುಹೋದ ಭೂಮಿ ಅನ್ಯರ ವಶವಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕಿ ಉಳಿದವರು ಊರಿಗೆ ಮರಳಿದಾಗ, ಕೆನರಾದ ಮೊದಲ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ ಅವರ ಆಡಳಿತದ ಎದುರು ಅವರ ಹಕ್ಕಿನ ಪ್ರಶ್ನೆ ಬಂದಿತು, ಮತ್ತು ಹಲವರು ತಮ್ಮ ಆಸ್ತಿಯನ್ನು ಮರಳಿ ಪಡೆದರು. ಹದಿನೈದು ವರ್ಷ ಊರಲ್ಲಿಲ್ಲದ ಮಾತ್ರಕ್ಕೆ ಹಕ್ಕು ಬಿಟ್ಟುಕೊಟ್ಟಂತಾಗುವುದಿಲ್ಲ ಎಂಬ ಅನುಭವ, ಮುಂದೆ ಸೆಮಿನರಿ ಮತ್ತು ಚರ್ಚುಗಳ ಸುತ್ತ ಬೆಳೆದ ಜೆಪ್ಪುವಿನ ಕ್ರೈಸ್ತ ಕುಟುಂಬಗಳ ಸ್ಮೃತಿಯಲ್ಲಿ ಸೇರಿಹೋದದ್ದು ಸಹಜವೇ.

ಈಸ್ಟ್ ಇಂಡಿಯಾ ಕಂಪೆನಿಯ ಆಡಳಿತ 1816ರ ಮದರಾಸು ರೆಗ್ಯುಲೇಶನ್ನುಗಳ ಮೂಲಕ ಜಿಲ್ಲಾ ಮುನ್ಸೀಫರನ್ನು ನೇಮಿಸಿ ಸಣ್ಣ ದಾವೆಗಳನ್ನು ದೇಶೀಯ ನ್ಯಾಯಾಧಿಕಾರಿಗಳ ಕೈಗೆ ಕೊಟ್ಟಿತು. ಆದರೆ ಜಿಲ್ಲೆಗಳ ಸಿವಿಲ್ ನ್ಯಾಯಾಲಯಗಳಿಗೆ ಒಂದೇ ಬಗೆಯ ಪ್ರಕ್ರಿಯೆ ದೊರೆತದ್ದು 1859ರ ಸಿವಿಲ್ ಪ್ರಕ್ರಿಯಾ ಸಂಹಿತೆಯಿಂದ. ಅದರ 119ನೆಯ ಕಲಮು ಏಕಪಕ್ಷೀಯ ಡಿಕ್ರಿಯನ್ನು ರದ್ದುಪಡಿಸಲು ಎರಡು ದಾರಿಗಳನ್ನು ತೋರಿಸಿತು: ಸಮನ್ಸು ಸರಿಯಾಗಿ ಜಾರಿಯಾಗಿರಲಿಲ್ಲ ಎಂದು ತೋರಿಸುವುದು ಒಂದು, ಹಾಜರಾಗದಂತೆ ತಡೆದ ಸಾಕಷ್ಟು ಕಾರಣವಿತ್ತು ಎಂದು ತೋರಿಸುವುದು ಇನ್ನೊಂದು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಸೇರಿ ಮಂಗಳೂರು ಕೇಂದ್ರವಾದ ದಕ್ಷಿಣ ಕೆನರಾ ಮದರಾಸಿನಲ್ಲೇ ಉಳಿಯಿತು. ಅದೇ ವರ್ಷ ಮದರಾಸು ಹೈಕೋರ್ಟು ಆರಂಭವಾಯಿತು. 1877 ಮತ್ತು 1882ರ ಸಂಹಿತೆಗಳನ್ನು ದಾಟಿ 1908ರ ಸಂಹಿತೆಯ ಒಂಬತ್ತನೆಯ ಆದೇಶದ 13ನೆಯ ನಿಯಮವಾಗಿ ಆ ಎರಡು ದಾರಿಗಳು ಇಂದಿಗೂ ಜೀವಂತವಾಗಿವೆ. ‘ಉದ್ದೇಶಪೂರ್ವಕ’ ಎಂಬ ಪದ ಈ ನಿಯಮದಲ್ಲಿ ಎಲ್ಲಿಯೂ ಇಲ್ಲ. ಆದರೂ ಸಾಕಷ್ಟು ಕಾರಣ ಎಂಬ ಮಾತಿನ ಒಳಗೆ ನ್ಯಾಯಾಲಯಗಳು ಹುಡುಕುತ್ತ ಬಂದದ್ದು ಆ ಉದ್ದೇಶವನ್ನೇ.

ಮೊದಲ ದಾರಿಯ ಭಾರವೆಲ್ಲ ಅಮೀನನ ಮೇಲೆ ಬಿದ್ದಿತು. ಅಮೀನ ಎಂದರೆ ಸಮನ್ಸನ್ನು ಕೊಂಡೊಯ್ದು ಮುಟ್ಟಿಸುವ ನ್ಯಾಯಾಲಯದ ನೌಕರ. ಆತ ಸಮನ್ಸಿನ ಬೆನ್ನ ಮೇಲೆ ಬರೆದುಕೊಡುವ ಒಂದೆರಡು ಸಾಲಿನ ವರದಿ, ಅಂದರೆ ಷರಾ, ಪ್ರತಿವಾದಿಯ ಮನಸ್ಸಿನ ಬಗ್ಗೆ ನ್ಯಾಯಾಲಯಕ್ಕೆ ಸಿಗುವ ಮೊದಲ ಸಾಕ್ಷ್ಯ. ‘ಮನೆಯಲ್ಲಿ ಸಿಗಲಿಲ್ಲ’ ಎಂದು ಬರೆದರೆ ಒಂದು ಅರ್ಥ, ‘ತೆಗೆದುಕೊಳ್ಳಲು ನಿರಾಕರಿಸಿದರು’ ಎಂದು ಬರೆದರೆ ಇನ್ನೊಂದು ಅರ್ಥ, ‘ಬಾಗಿಲಿಗೆ ಅಂಟಿಸಿ ಬಂದಿದ್ದೇನೆ’ ಎಂದರೆ ಮತ್ತೊಂದು. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಅವರು ನೇತ್ರಾವತಿಯ ದಂಡೆಯಲ್ಲಿ, ಮಾರ್ಗನ್ಸ್ ಗೇಟಿನ ಬಳಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಜೆಪ್ಪು ಕೂಲಿಕಾರರ, ಆವೆಯ ಕೆಲಸಗಾರರ, ದೋಣಿಯವರ ಬೀಡಾಯಿತು. ಹೊಳೆಯ ಮೇಲಿನಿಂದ ಜೇಡಿಮಣ್ಣು ಹೊತ್ತ ದೋಣಿಗಳು ಬರುತ್ತಿದ್ದವು. ಮೊದಲ ಮಹಾಯುದ್ಧದ ಬಳಿಕ ಮಿಶನ್ನಿನ ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದರೂ ಕೆಲಸ ನಿಲ್ಲಲಿಲ್ಲ. ಹಗಲಿಡೀ ಕಾರ್ಖಾನೆಯಲ್ಲಿರುವ ಗಂಡಸು, ಸುಗ್ಗಿಯಾದ ಮೇಲೆ ಕೊಡಗಿನ ಕಾಫಿ ತೋಟಗಳಿಗಾಗಿ ಘಟ್ಟ ಹತ್ತುವ ಒಕ್ಕಲು, 1907ರಲ್ಲಿ ರೈಲು ಮಂಗಳೂರನ್ನು ಮುಟ್ಟಿದ ಮೇಲೆ ಮದರಾಸಿಗೋ, ಹಡಗು ಹತ್ತಿ ಮುಂಬಯಿಗೋ ಕೆಲಸ ಹುಡುಕಿ ಹೋದ ಮಗ, ಇವರೆಲ್ಲರ ಮನೆಯೂ ಅಮೀನ ಹೋದ ಹೊತ್ತಿಗೆ ಒಂದೇ ರೀತಿ ಕಾಣಿಸುತ್ತಿತ್ತು: ಹೆಸರಿರುವಾತ ಮನೆಯಲ್ಲಿಲ್ಲ. ಮಳೆಗಾಲದಲ್ಲಿ ಹೊಳೆ ತುಂಬಿದಾಗ ದೋಣಿಯೂ ನಿಲ್ಲುತ್ತಿತ್ತು. 1923ರ ನೇತ್ರಾವತಿಯ ಮಹಾನೆರೆಯಂಥ ದಿನಗಳಲ್ಲಿ ಹೊಳೆಯ ಆಚೆಗಿರುವವನು ಈಚೆಯ ಕೋರ್ಟಿಗೆ ಬಾರದಿರುವುದಕ್ಕೆ ಉದ್ದೇಶದ ಮಾತೇ ಬೇಕಿರಲಿಲ್ಲ.

ಪ್ರತಿವಾದಿ ಸಿಗದಿದ್ದಾಗ ಸಮನ್ಸನ್ನು ಯಾರಿಗೆ ಕೊಡಬಹುದು ಎಂಬ ನಿಯಮ ತುಳುನಾಡಿಗೆ ಇನ್ನಷ್ಟು ತೊಡಕನ್ನು ತಂದಿತು. 1908ರ ಸಂಹಿತೆಯ ಮೂಲ ಪಾಠದಂತೆ, ಕುಟುಂಬದವರಲ್ಲಿ ಪ್ರತಿವಾದಿಯೊಂದಿಗೆ ವಾಸಿಸುವ ವಯಸ್ಕ ಗಂಡಸಿಗೆ ಮಾತ್ರ ಅದನ್ನು ಕೊಡಬಹುದಿತ್ತು. ಮನೆಯಾಳನ್ನು ಕುಟುಂಬದವನೆಂದು ಎಣಿಸುವಂತಿರಲಿಲ್ಲ. ಅಳಿಯಸಂತಾನ ಪದ್ಧತಿ, ಅಂದರೆ ತಾಯಿಯ ಸಂತತಿಯ ಮೂಲಕ ಆಸ್ತಿ ಮತ್ತು ಕುಟುಂಬ ಮುಂದುವರಿಯುವ ಪದ್ಧತಿ, ಬಂಟರಲ್ಲಿಯೂ ಬಿಲ್ಲವರಲ್ಲಿಯೂ ಇತರ ಹಲವು ಸಮುದಾಯಗಳಲ್ಲಿಯೂ ಇದ್ದ ನಾಡಿನಲ್ಲಿ, ಒಂದೇ ಸೂರಿನಡಿ ಇರುವ ಗಂಡ ಹೆಂಡತಿಯರು ಕಾನೂನಿನ ದೃಷ್ಟಿಯಲ್ಲಿ ಬೇರೆ ಬೇರೆ ಕುಟುಂಬಗಳಿಗೆ ಸೇರಿದವರು. ಕುಟುಂಬದ ಯಜಮಾನನಾದ ಸೋದರಮಾವ ಬೇರೊಂದು ಊರಿನ ತರವಾಡು ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ಇರಬಹುದು. ಆತನ ವಿರುದ್ಧ ಕುಟುಂಬದ ಪ್ರತಿನಿಧಿಯೆಂಬ ನೆಲೆಯಲ್ಲಿ ನ್ಯಾಯವಾಗಿ ಆದ ಡಿಕ್ರಿ, ಸಮನ್ಸನ್ನು ಕಣ್ಣಾರೆ ಕಾಣದ ತಂಗಿಯನ್ನೂ ಆಕೆಯ ಹೆಣ್ಣುಮಕ್ಕಳನ್ನೂ ಕಟ್ಟಿಹಾಕಬಹುದು. ಇಂಥ ಮನೆಯಲ್ಲಿ ಗೈರುಹಾಜರಾದವರು ಯಾರು, ಯಾರ ಮನಸ್ಸನ್ನು ಪರೀಕ್ಷಿಸಬೇಕು ಎಂಬುದೇ ಸ್ಪಷ್ಟವಿರಲಿಲ್ಲ. ಹಂಚಿನ ಕಾರ್ಖಾನೆಗಳಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ದುಡಿಯುತ್ತಿದ್ದ, ಕೂಲಿ ಎಣಿಸಿ ಮನೆ ನಡೆಸುತ್ತಿದ್ದ ಜೆಪ್ಪುವಿನಂಥ ಕಡೆಯೂ ಆ ಹೆಂಗಸಿನ ಕೈಗೆ ಕೊಟ್ಟ ಸಮನ್ಸು ಸಂಹಿತೆಯ ಮೂಲ ನಿಯಮದ ಪ್ರಕಾರ ಗಂಡಸಿಗೆ ಜಾರಿಯಾದಂತೆ ಆಗುತ್ತಿರಲಿಲ್ಲ. ಗಂಡಸು ಹೆಂಗಸು ಎಂಬ ಭೇದವಿಲ್ಲದೆ ಯಾವುದೇ ವಯಸ್ಕ ಸದಸ್ಯರಿಗೆ ಕೊಡಬಹುದೆಂದು ಕಾನೂನು ತಿದ್ದುಪಡಿಯಾದದ್ದು 1976ರಲ್ಲಿ. ಇಷ್ಟು ತಡವಾದದ್ದು ವಿಷಾದದ ಸಂಗತಿ.

ಎರಡನೆಯ ದಾರಿಯಾದ ಸಾಕಷ್ಟು ಕಾರಣದ ಅರ್ಥವನ್ನು ರೂಪಿಸಿದ ತೀರ್ಪುಗಳಲ್ಲಿ ಮೊದಲ ಸ್ಥಾನ ಮದರಾಸು ಹೈಕೋರ್ಟಿನ 1890ರ ಕೃಷ್ಣ ವಿರುದ್ಧ ಚಾತಪ್ಪನ್ ತೀರ್ಪಿಗೆ ಸಲ್ಲಬೇಕು. ಅದು ಅಪೀಲಿನ ಅವಧಿ ಮೀರಿದ ಪ್ರಶ್ನೆಯ ಮೇಲೆ ಬಂದದ್ದಾದರೂ, ಕಕ್ಷಿಗಾರನ ಮೇಲೆ ಅಲಕ್ಷ್ಯ, ನಿಷ್ಕ್ರಿಯತೆ ಅಥವಾ ಪ್ರಾಮಾಣಿಕತೆಯ ಕೊರತೆಯನ್ನು ಆರೋಪಿಸಲಾಗದಿದ್ದಲ್ಲಿ ಆ ಪದಗಳನ್ನು ಉದಾರವಾಗಿ ಅರ್ಥೈಸಿ ನ್ಯಾಯದ ತಿರುಳನ್ನು ಕಾಯಬೇಕೆಂಬ ಅದರ ನಿಲುವು ದಕ್ಷಿಣ ಕೆನರಾದ ನ್ಯಾಯಾಲಯಗಳನ್ನು ಬಂಧಿಸಿತು, ಮುಂದೆ ಸುಪ್ರೀಂ ಕೋರ್ಟಿನ ಮನ್ನಣೆಯನ್ನೂ ಪಡೆಯಿತು. ಅಲಕ್ಷ್ಯ, ನಿಷ್ಕ್ರಿಯತೆ, ಅಪ್ರಾಮಾಣಿಕತೆ ಎಂಬ ಮೂರೂ ನಡತೆಯಿಂದ ಕಂಡುಹಿಡಿಯಬಹುದಾದ ಗುಣಗಳು ಎಂಬುದು ಇಲ್ಲಿ ಗಮನಾರ್ಹ. ಸ್ವಾತಂತ್ರ್ಯಾನಂತರ 1955ರ ಸಂಗ್ರಾಮ್ ಸಿಂಗ್ ತೀರ್ಪಿನಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಅವರು ಪ್ರಕ್ರಿಯಾ ಸಂಹಿತೆ ಇರುವುದು ಜನರನ್ನು ಕಾಲುತೊಡರಿಸಿ ಬೀಳಿಸಲಿಕ್ಕಲ್ಲವೆಂದೂ, ಒಂದು ದಿನ ಬಾರದವನು ಮುಂದಿನ ದಿನ ಬಂದರೆ ಆ ಹಂತದಿಂದ ವಿಚಾರಣೆಯಲ್ಲಿ ಪಾಲ್ಗೊಳ್ಳುವ ಹಕ್ಕನ್ನು ಕಳೆದುಕೊಳ್ಳುವುದಿಲ್ಲವೆಂದೂ ಸ್ಪಷ್ಟಪಡಿಸಿದರು. ಡಿಕ್ರಿಗೆ ಮುಂಚೆ ಬಂದವನು ತೋರಿಸಬೇಕಾದ ಕಾರಣಕ್ಕಿಂತ ಡಿಕ್ರಿಯ ಅನಂತರ ಬಂದವನು ತೋರಿಸಬೇಕಾದ ಕಾರಣಕ್ಕೆ ಸ್ವಲ್ಪ ಹೆಚ್ಚಿನ ಪುರಾವೆ ಬೇಕಾಗಬಹುದೆಂಬ ಸೂಕ್ಷ್ಮವನ್ನು ಅರ್ಜುನ್ ಸಿಂಗ್ ವಿರುದ್ಧ ಮೊಹಿಂದ್ರ ಕುಮಾರ್ ತೀರ್ಪು ಸೇರಿಸಿತು.

ಹಾಜರಾಗದಿರುವುದರಲ್ಲಿ ಮಾತ್ರವಲ್ಲ, ಹಣ ಕೊಡದಿರುವುದರಲ್ಲಿಯೂ ಉದ್ದೇಶದ ಪ್ರಶ್ನೆ ಇದೆ, ಮತ್ತು ಮಂಗಳೂರಿನ ನ್ಯಾಯಾಲಯಗಳಲ್ಲಿ ಈ ಎರಡೂ ಒಂದೇ ದಾವೆಯಲ್ಲಿ ಹೆಣೆದುಕೊಂಡು ಬರುತ್ತಿದ್ದವು. ದಕ್ಷಿಣ ಕೆನರಾದ ಭೂಮಿ ಬಹುಪಾಲು ಗೇಣಿಯ ಮೇಲೆ ನಿಂತಿತ್ತು. ವರ್ಷದಿಂದ ವರ್ಷಕ್ಕೆ ನಡೆಯುವ ಚಾಲಗೇಣಿಯಲ್ಲಿ ಒಕ್ಕಲಿನ ಹಕ್ಕು ದುರ್ಬಲ; ಬದಲಾಗದ ಗೇಣಿಗೆ ಪೀಳಿಗೆಯಿಂದ ಪೀಳಿಗೆಗೆ ಇಳಿದು ಬರುವ ಮೂಲಗೇಣಿಯಲ್ಲಿ ಅದು ಬಹುಮಟ್ಟಿಗೆ ಒಡೆತನಕ್ಕೆ ಸಮ. ಆದರೆ ಗೇಣಿಚೀಟು, ಅಂದರೆ ಗೇಣಿಯ ಕರಾರುಪತ್ರ, ಇಷ್ಟು ವರ್ಷ ಗೇಣಿ ಬಾಕಿಯಾದರೆ ಮೂಲಗೇಣಿ ಹಕ್ಕು ರದ್ದಾಗಿ ಸ್ಥಳವನ್ನು ಬಿಟ್ಟುಕೊಡತಕ್ಕದ್ದೆಂಬ ಷರತ್ತನ್ನು ಎಷ್ಟೋ ಸಲ ಹೊತ್ತಿರುತ್ತಿತ್ತು. ಕೆಲವೇ ಮುಡಿ ಅಕ್ಕಿಯ ಬಾಕಿಗಾಗಿ ತಲೆಮಾರುಗಳ ಮನೆ, ಬಾವಿ, ತೆಂಗಿನ ಮರಗಳು ಧಣಿಯ ಪಾಲಾಗಬಹುದಾಗಿದ್ದ ಈ ಷರತ್ತನ್ನು ಅಕ್ಷರಶಃ ಜಾರಿಗೊಳಿಸುವುದು ಅನ್ಯಾಯವೆಂದು ಕಾನೂನೇ ಗುರುತಿಸಿತು. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 114ನೆಯ ಕಲಮಿನ ಪ್ರಕಾರ, ಒಕ್ಕಲೆಬ್ಬಿಸುವ ದಾವೆಯ ವಿಚಾರಣೆಯ ಹೊತ್ತಿಗೆ ಬಾಕಿ, ಬಡ್ಡಿ, ದಾವೆಯ ಖರ್ಚು ಇಷ್ಟನ್ನೂ ಕೊಟ್ಟರೆ ಅಥವಾ 15 ದಿನದೊಳಗೆ ಕೊಡುವುದಕ್ಕೆ ತಕ್ಕ ಜಾಮೀನು ಒದಗಿಸಿದರೆ ನ್ಯಾಯಾಲಯ ಒಕ್ಕಲನ್ನು ಉಳಿಸಬಹುದು. ಕೃಷಿ ಗೇಣಿಗಳನ್ನು 117ನೆಯ ಕಲಮು ಈ ಅಧ್ಯಾಯದ ಹೊರಗಿಟ್ಟಿದ್ದರೂ, ಅದರೊಳಗಿನ ತತ್ತ್ವವನ್ನು ನ್ಯಾಯ ಮತ್ತು ಸಮಧರ್ಮದ ಹೆಸರಿನಲ್ಲಿ ಅನ್ವಯಿಸಲು ನ್ಯಾಯಾಲಯಗಳಿಗೆ ಅಡ್ಡಿಯಿರಲಿಲ್ಲ. ಈ ಕಲಮು ಒಕ್ಕಲಿನ ಮನಸ್ಸನ್ನು ಕೇಳುವುದಿಲ್ಲ, ಈಗ ಕೊಡುತ್ತೀಯಾ ಎಂದಷ್ಟೇ ಕೇಳುತ್ತದೆ. ಕೊಡಲು ಮುಂದಾಗುವುದೇ ಒಳ್ಳೆಯ ಮನಸ್ಸಿನ ಪುರಾವೆ ಎಂದು ಎಣಿಸುವ ಈ ಕ್ರಮ ಮಾನವೀಯವಾದುದೆಂದೇ ಹೇಳಬೇಕು. ಆದರೆ ಈ ರಕ್ಷಣೆ ದೊರೆಯುವುದು ವಿಚಾರಣೆಗೆ ಬಂದವನಿಗೆ. ಸಮನ್ಸಿನ ಸುದ್ದಿಯೇ ತಿಳಿಯದೆ ಘಟ್ಟದಲ್ಲಿದ್ದವನಿಗೆ ಹಣ ಕಟ್ಟುವ ಅವಕಾಶವೂ ಏಕಪಕ್ಷೀಯ ಡಿಕ್ರಿಯೊಂದಿಗೇ ಮುಗಿದುಹೋಗುತ್ತಿತ್ತು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಕೃಷಿ ಗೇಣಿಯನ್ನೇ ಕೊನೆಗಾಣಿಸಿ ಉಳುವವನನ್ನು ಒಡೆಯನನ್ನಾಗಿ ಮಾಡಿತಾದರೂ, ನಗರದೊಳಗಿನ ಮನೆನಿವೇಶನಗಳ ಮೂಲಗೇಣಿ ಅದರ ವ್ಯಾಪ್ತಿಗೆ ಬರಲಿಲ್ಲ.

ಬಾಡಿಗೆ ಮನೆಗಳ ವಿಷಯದಲ್ಲಿ ‘ಉದ್ದೇಶಪೂರ್ವಕ’ ಎಂಬ ಪದ ನೇರವಾಗಿ ಶಾಸನದೊಳಗೇ ಬಂದಿತು. ಮದರಾಸು ಪ್ರಾಂತದ ಬಾಡಿಗೆ ನಿಯಂತ್ರಣ ಕಾನೂನಿನ ಪರಂಪರೆಯಲ್ಲಿ, ಬಾಡಿಗೆ ಬಾಕಿ ಉದ್ದೇಶಪೂರ್ವಕವಲ್ಲವೆಂದು ನಿಯಂತ್ರಣಾಧಿಕಾರಿಗೆ ಮನವರಿಕೆಯಾದರೆ ಬಾಡಿಗೆದಾರನಿಗೆ ಹಣ ಕಟ್ಟಲು ಕಾಲಾವಕಾಶ ಕೊಡುವ ಅಧಿಕಾರವಿತ್ತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿ, 1961ರ ಮೈಸೂರು ಬಾಡಿಗೆ ನಿಯಂತ್ರಣ ಅಧಿನಿಯಮ ಜಾರಿಗೆ ಬಂದಾಗ ಮಂಗಳೂರಿನ ಬಾಡಿಗೆದಾರರ ಪಾಲಿಗೆ ಅಳತೆಗೋಲು ಬದಲಾಯಿತು: ನೋಟೀಸು ಕೊಟ್ಟ ಎರಡು ತಿಂಗಳೊಳಗೆ ಬಾಕಿ ತೀರಿಸದಿರುವುದು ತೆರವಿಗೆ ಒಂದು ಆಧಾರವಾಯಿತು, ವಿಚಾರಣೆ ನಡೆಯುತ್ತಿರುವಾಗ ಬಾಡಿಗೆಯನ್ನು ಕಟ್ಟುತ್ತ ಬಾರದವನು ಸಾಕಷ್ಟು ಕಾರಣ ತೋರಿಸದಿದ್ದರೆ, 29ನೆಯ ಕಲಮಿನ ಪ್ರಕಾರ ಅವನ ವಾದವನ್ನು ಕೇಳುವುದೇ ನಿಲ್ಲುತ್ತಿತ್ತು. ಅತ್ತ ತಮಿಳುನಾಡಿನಲ್ಲಿ 1973ರಲ್ಲಿ ಹಳೆಯ ಪದಕ್ಕೆ ವಿವರಣೆಯೊಂದನ್ನು ಸೇರಿಸಿ, ಎರಡು ತಿಂಗಳ ನೋಟೀಸಿನ ಬಳಿಕವೂ ಕೊಡದಿದ್ದರೆ ಅದನ್ನು ಉದ್ದೇಶಪೂರ್ವಕ ಬಾಕಿಯೆಂದೇ ತಿಳಿಯಬೇಕೆಂದು ಹೇಳಲಾಯಿತು. ಅದರ ಮೇಲೆ 1985ರಲ್ಲಿ ಬಂದ ಸುಂದರಂ ಪಿಳ್ಳೈ ವಿರುದ್ಧ ಪಟ್ಟಾಭಿರಾಮನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಬಹುಮತ, ತನ್ನ ಹೊಣೆ ತಿಳಿದಿದ್ದೂ ಬೇಕೆಂದೇ ಅದನ್ನು ಧಿಕ್ಕರಿಸುವ ನಡತೆ ಮಾತ್ರ ಉದ್ದೇಶಪೂರ್ವಕವೆನಿಸುತ್ತದೆಂದೂ, ನೋಟೀಸು ಇಲ್ಲದಿರುವಲ್ಲಿ ಪ್ರತಿಯೊಂದು ಪ್ರಕರಣದ ಸಂಗತಿಗಳನ್ನು ತೂಗಿಯೇ ನಿರ್ಣಯಿಸಬೇಕೆಂದೂ ಹೇಳಿತು. ಇದಕ್ಕೂ ಮೊದಲೇ, 1980ರ ಜಾಲಿ ಜಾರ್ಜ್ ವರ್ಗೀಸ್ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಡಿಕ್ರಿಯ ಹಣ ಕೊಡಲಾಗದ ಬಡತನವೊಂದೇ ಸಾಲಗಾರನನ್ನು ಸಿವಿಲ್ ಸೆರೆಮನೆಗೆ ಕಳುಹಿಸಲು ಕಾರಣವಾಗದು, ದುರುದ್ದೇಶದ ಅಂಶ ಕಾಣಬೇಕೆಂದು ಸಾರಿದ್ದರು.

ವಕೀಲರ ತಪ್ಪಿನ ಪ್ರಶ್ನೆ ಇನ್ನೊಂದು ಮಗ್ಗುಲು. ವಕಾಲತ್ತಿಗೆ ಸಹಿ ಮಾಡಿ, ಶುಲ್ಕ ಕೊಟ್ಟು, ಎಲ್ಲವನ್ನೂ ವಕೀಲರಿಗೆ ಒಪ್ಪಿಸಿ ಹಳ್ಳಿಗೆ ಮರಳಿದ ಕಕ್ಷಿಗಾರ ವಕೀಲರ ಗೈರುಹಾಜರಿಗೆ ಬೆಲೆ ತೆರಬಾರದೆಂದು ಸುಪ್ರೀಂ ಕೋರ್ಟಿನ 1981ರ ರಫೀಕ್ ವಿರುದ್ಧ ಮುನ್ಶಿಲಾಲ್ ತೀರ್ಪು ಹೇಳಿತು. ಹನ್ನೆರಡು ವರ್ಷಗಳ ಬಳಿಕ ಸಲಿಲ್ ದತ್ತ ಪ್ರಕರಣದಲ್ಲಿ ಅದೇ ನ್ಯಾಯಾಲಯ, ನಗರದಲ್ಲೇ ಕಚೇರಿ ಹೊಂದಿದ ವ್ಯವಹಾರಸ್ಥ ಸಂಸ್ಥೆಗೆ ಆ ಮಾತು ಅನ್ವಯಿಸದೆಂದು ಗೆರೆ ಎಳೆಯಿತು. ಎರಡನ್ನೂ ಒಟ್ಟಿಗೆ ಓದಿದರೆ, ಉದ್ದೇಶದ ಅಳತೆಯಲ್ಲಿ ಕಕ್ಷಿಗಾರನ ವಿದ್ಯೆ, ಅನುಕೂಲ, ಕೋರ್ಟಿನಿಂದ ಅವನಿರುವ ದೂರ ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆಂಬುದು ತಿಳಿಯುತ್ತದೆ.

1970ರ ದಶಕದಿಂದ ಕರಾವಳಿಯ ಯುವಕರು ಕೊಲ್ಲಿ ರಾಷ್ಟ್ರಗಳಿಗೆ ಹೋಗತೊಡಗಿದಾಗ ದೂರದ ಅರ್ಥವೇ ಬೇರೆಯಾಯಿತು. ಆಸ್ತಿ ಪಾಲಿನ ದಾವೆಯಲ್ಲಿ ಒಬ್ಬ ಅಣ್ಣ ಜೆಪ್ಪುವಿನಲ್ಲಿ, ತಮ್ಮ ದುಬಾಯಿಯಲ್ಲಿ. ಸಮನ್ಸು ಹೋಗುವುದು ಹುಟ್ಟಿದ ಮನೆಯ ವಿಳಾಸಕ್ಕೆ, ಅದನ್ನು ಪಡೆಯುವವನು ಕೆಲವೊಮ್ಮೆ ಎದುರು ಪಕ್ಷದವನೇ. ಬದಲಿ ಜಾರಿ, ಅಂದರೆ ಬಾಗಿಲಿಗೆ ಅಂಟಿಸುವುದು ಅಥವಾ ಪ್ರತಿವಾದಿ ಕೊನೆಯದಾಗಿ ವಾಸವಿದ್ದ ಊರಿನಲ್ಲಿ ಓದಲ್ಪಡುವ ಪತ್ರಿಕೆಯಲ್ಲಿ ಪ್ರಕಟಣೆ ಕೊಡುವುದು, ಕಾನೂನಿನ ಕಣ್ಣಿಗೆ ಖುದ್ದು ಕೈಗೆ ಕೊಟ್ಟಷ್ಟೇ ಸಮರ್ಥ. ಆದರೆ ಮಂಗಳೂರಿನ ಪತ್ರಿಕೆಯ ಒಳಪುಟದ ಪ್ರಕಟಣೆಯನ್ನು ಮರುಭೂಮಿಯ ಕಾಮಗಾರಿಯಲ್ಲಿರುವವನು ಓದಿದನೆಂದು ಊಹಿಸುವುದು ಸತ್ಯದಿಂದ ದೂರ. ಇನ್ನೊಂದು ಕಡೆ, ಎಲ್ಲವನ್ನೂ ತಿಳಿದಿದ್ದೂ ಸಮನ್ಸಿನ ಸಣ್ಣ ಲೋಪವನ್ನು ಹಿಡಿದು ವರ್ಷಗಟ್ಟಲೆ ದಾವೆ ಎಳೆಯುವವರೂ ಇದ್ದರು. ಅಂಥವರಿಗಾಗಿಯೇ 1976ರ ತಿದ್ದುಪಡಿ 13ನೆಯ ನಿಯಮಕ್ಕೆ ಒಂದು ಪರಂತುಕವನ್ನು, ಎಂದರೆ ಮಿತಿ ಹಾಕುವ ವಾಕ್ಯವನ್ನು ಸೇರಿಸಿತು: ವಿಚಾರಣೆಯ ದಿನ ಪ್ರತಿವಾದಿಗೆ ತಿಳಿದಿತ್ತು, ಬಂದು ಉತ್ತರಿಸಲು ಬೇಕಾದಷ್ಟು ಸಮಯವೂ ಇತ್ತು ಎಂದು ಮನದಟ್ಟಾದರೆ, ಜಾರಿಯ ಕ್ರಮದಲ್ಲಿನ ಬರಿಯ ಲೋಪಕ್ಕಾಗಿ ಡಿಕ್ರಿಯನ್ನು ರದ್ದುಪಡಿಸುವಂತಿಲ್ಲ. 2011ರ ಪರಿಮಲ್ ವಿರುದ್ಧ ವೀಣಾ ತೀರ್ಪು ಇದೇ ದಾರಿಯಲ್ಲಿ ನಡೆದು, ನಿರಾಕರಿಸಿದ ನೋಂದಾಯಿತ ಅಂಚೆಯನ್ನು ಮುಟ್ಟಿದ್ದೆಂದೇ ಭಾವಿಸುವ ಕಾನೂನಿನ ಊಹೆಗೆ ಬಲ ಕೊಟ್ಟಿತು. ಆ ಊಹೆಯನ್ನು ಪುರಾವೆಯಿಂದ ಅಲ್ಲಗಳೆಯುವ ಅವಕಾಶ ಮಾತ್ರ ಪ್ರತಿವಾದಿಗೆ ಉಳಿದಿದೆ.

ಹೊರದೇಶಗಳ ಕ್ರಮ ಬೇರೆ. ಅಮೆರಿಕದ ಫೆಡರಲ್ ನ್ಯಾಯಾಲಯಗಳು ಏಕಪಕ್ಷೀಯ ತೀರ್ಪನ್ನು ರದ್ದುಪಡಿಸುವ ಅರ್ಜಿ ಬಂದಾಗ ಗೈರುಹಾಜರಿ ಬುದ್ಧಿಪೂರ್ವಕವೇ, ವಾದಿಗೆ ಹಾನಿಯಾಗುವುದೇ, ಪ್ರತಿವಾದಿಯ ಬಳಿ ಹುರುಳಿರುವ ಪ್ರತಿವಾದವಿದೆಯೇ ಎಂಬ ಮೂರನ್ನೂ ಒಟ್ಟಿಗೆ ತೂಗುತ್ತವೆ. ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1937ರ ಇವಾನ್ಸ್ ವಿರುದ್ಧ ಬಾರ್ಟ್ಲಮ್ ತೀರ್ಪಿನಲ್ಲಿ ಪ್ರತಿವಾದದ ಹುರುಳಿಗೇ ಹೆಚ್ಚಿನ ಮಹತ್ವ ಕೊಟ್ಟಿತು. ಭಾರತದ 13ನೆಯ ನಿಯಮ ಗೈರುಹಾಜರಿಯ ಕಾರಣವನ್ನಷ್ಟೇ ಕೇಳುತ್ತದೆ, ಪ್ರತಿವಾದಿ ಗೆಲ್ಲಬಹುದೇ ಎಂದು ಕೇಳುವುದಿಲ್ಲ. ದುರ್ಬಲ ವಾದವಿರುವವನಿಗೂ ತನ್ನ ಮಾತನ್ನು ಹೇಳುವ ಹಕ್ಕಿದೆ ಎಂಬ ನಂಬಿಕೆ ಇದರಲ್ಲಿರುವುದರಿಂದ ಭಾರತದ ಕ್ರಮವೇ ಹೆಚ್ಚು ಗೌರವದ್ದು.

ಆದರೆ ಕಾರಣವನ್ನಷ್ಟೇ ಕೇಳುವ ಕಾನೂನಿನಲ್ಲಿ ಕಾರಣದ ಪುರಾವೆ ಸರಿಯಾಗಿರಲೇಬೇಕು, ಮತ್ತು ಆ ಪುರಾವೆ ಇಂದಿಗೂ ಬಹುಮಟ್ಟಿಗೆ ಬಾಗಿಲ ಬಳಿ ಬರೆದ ಷರಾವೇ. ಬಾಗಿಲಿಗೆ ಅಂಟಿಸಿದ ಸಮನ್ಸಿನ ವರದಿಗೆ ಪ್ರಮಾಣಪತ್ರವಿಲ್ಲದಿದ್ದರೆ ಅಮೀನನನ್ನು ಪ್ರಮಾಣದ ಮೇಲೆ ವಿಚಾರಿಸಲೇಬೇಕು, ಪ್ರಮಾಣಪತ್ರವಿದ್ದರೂ ವಿಚಾರಿಸಬಹುದು ಎಂದು ಐದನೆಯ ಆದೇಶದ 19ನೆಯ ನಿಯಮ ಹೇಳುತ್ತದೆ. ಈ ನಿಯಮವನ್ನು ಯಾಂತ್ರಿಕವಾಗಿ ದಾಟಿಹೋದಲ್ಲಿ ಆಮೇಲೆ ಹತ್ತು ತೀರ್ಪುಗಳ ಉದಾರತೆಯೂ ನಷ್ಟವನ್ನು ಪೂರ್ತಿ ತುಂಬಲಾರದು. ‘ನಿರಾಕರಿಸಿದರು’ ಎಂಬ ಒಂದು ಪದದಿಂದ ಒಬ್ಬರ ಮನೆ ಹೋಗುವ ಮೊದಲು ಅದನ್ನು ಬರೆದವನನ್ನು ಕಟಕಟೆಗೆ ಕರೆದು, ಯಾವ ಹೊತ್ತಿಗೆ ಹೋದೆ, ಯಾರನ್ನು ಕಂಡೆ, ಸಾಕ್ಷಿಗೆ ಯಾರಿದ್ದರು ಎಂದು ಕೇಳುವುದು ವಿಚಾರಣಾ ನ್ಯಾಯಾಲಯದ ಮೊದಲ ಕರ್ತವ್ಯವಾಗಬೇಕು. ಓದುಗರಾದರೂ ತಮ್ಮ ಹೆಸರಿಗೆ ಬಂದ ಸಮನ್ಸನ್ನು ಬಾಗಿಲಿನಿಂದ ಹಿಂದೆ ಕಳುಹಿಸಬಾರದು. ಏಕಪಕ್ಷೀಯ ಡಿಕ್ರಿ ರದ್ದತಿಯ ಅರ್ಜಿಗೆ ಕಾಲಮಿತಿ ಕಾನೂನಿನ 123ನೆಯ ಅನುಚ್ಛೇದ ಕೊಟ್ಟಿರುವುದು ಡಿಕ್ರಿಯ ದಿನದಿಂದ, ಅಥವಾ ಸಮನ್ಸು ಸರಿಯಾಗಿ ಜಾರಿಯಾಗಿರದಿದ್ದರೆ ಡಿಕ್ರಿಯ ಸಂಗತಿ ತಿಳಿದ ದಿನದಿಂದ, 30 ದಿನ.